ಕೆರೆಯಂಚಿನ ರಂಗಮಂದಿರ

ಥಾಣೆ ಕೆರೆಗಳ ಊರು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ರೈಲು ನಿಲ್ದಾಣದಿಂದ ನಡಿಗೆಯ ದೂರದಲ್ಲಿರುವ ಮಾಸುಂದಾ ಕೆರೆ. ಊರವರ ಬಾಯಲ್ಲಿ ಅದು ತಲಾವ್‌ಪಾಳಿ. ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಂದಲೂ ಕನ್ನಡ ಕುಟುಂಬಗಳು ಸಂಜೆಯ ಹೊತ್ತು ಇಲ್ಲಿಗೆ ಬರುವುದುಂಟು. ಕೌಪಿನೇಶ್ವರನಿಗೆ ಕೈಮುಗಿದು, ದಂಡೆಯ ಮೇಲೆ ಒಂದು ಸುತ್ತು ಹಾಕಿ, ಮಕ್ಕಳನ್ನು ದೋಣಿಯಲ್ಲಿ ಕೂರಿಸಿ, ಭೇಲ್‌ಪುರಿ ತಿಂದು ಮರಳುತ್ತಾರೆ. ಅದೇ ದಂಡೆಯಲ್ಲಿ 1978ರಿಂದ ಇರುವ ಗಡ್ಕರಿ ರಂಗಾಯತನದ ಮೆಟ್ಟಿಲು ಹತ್ತುವವರು ಮಾತ್ರ ನಮ್ಮಲ್ಲಿ ವಿರಳ. ಅದು ಮರಾಠಿಗರ ಮನೆ, ನಮಗಲ್ಲೇನು ಕೆಲಸ ಎಂಬ ಸಂಕೋಚ ನಮ್ಮನ್ನು ಹೊರಗೇ ನಿಲ್ಲಿಸುತ್ತದೆ. ಈ ಸಂಕೋಚಕ್ಕೆ ಇತಿಹಾಸದ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮರಾಠಿ ರಂಗಭೂಮಿಯ ಹುಟ್ಟಿನ ಕಥೆಯಲ್ಲಿಯೇ ಕನ್ನಡವಿದೆ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಅಲ್ಲಿನ ಅರಸರ ಮುಂದೆ ಆಟವಾಡಿತು. ಅದನ್ನು ಮೆಚ್ಚಿದ ಅರಸರು, ಅಂಥದೊಂದನ್ನು ಮರಾಠಿಯಲ್ಲಿ ರಚಿಸುವಂತೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದರ ನೆನಪಿಗಾಗಿ ಮಹಾರಾಷ್ಟ್ರ ಇಂದಿಗೂ ನವೆಂಬರ್ 5ರಂದು ರಂಗಭೂಮಿ ದಿನವನ್ನು ಆಚರಿಸುತ್ತದೆ. 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಋಣ ಒಂದೇ ಕಡೆಯದಲ್ಲ. ಮರಾಠಿ ನಾಟಕ ಮಂಡಳಿಗಳ ಪ್ರಭಾವವನ್ನು ಕಂಡೇ ಗದುಗಿನ ಶಾಂತಕವಿಗಳು ಕನ್ನಡ ಮಂಡಳಿ ಕಟ್ಟಿ ನಾಟಕ ಬರೆದರು. ಮುಂದೆ ಮಾಥೇರಾನಿನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ ಕನ್ನಡ ನಾಟಕಗಳು ಮರಾಠಿ ರಂಗದಲ್ಲಿ ಮೆರೆದವು.

ಇಲ್ಲಿ ಒಂದು ಆಕ್ಷೇಪ ಸಹಜ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವುದೇ ಕಷ್ಟ. ಇರುವ ಒಂದು ಭಾನುವಾರವನ್ನೂ ಮರಾಠಿ ನಾಟಕಕ್ಕೆ ಕೊಟ್ಟರೆ ಕನ್ನಡದ ಗತಿಯೇನು? ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೆರೆಯ ಭಾಷೆಗೆ ಬಾಗಿಲು ಹಾಕಿದ ಮಾತ್ರಕ್ಕೆ ಮನೆಯ ಭಾಷೆ ಉಳಿದೀತೆಂಬ ಭರವಸೆಯಿಲ್ಲ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಧಾರವಾಡದಲ್ಲಿ ಬೆಳೆದು ಕನ್ನಡದ ವರಕವಿಯಾದರು. ಈ ರಂಗಮಂದಿರಕ್ಕೆ ಹೆಸರು ಕೊಟ್ಟ ರಾಮ ಗಣೇಶ ಗಡ್ಕರಿಯವರು (1885–1919) ಹುಟ್ಟಿದ್ದು ಗುಜರಾತಿನ ನವಸಾರಿಯಲ್ಲಿ. ಹೊರನಾಡೆಂಬುದು ಭಾಷೆಯೊಂದರ ಕೊನೆಯಾಗಲೇಬೇಕೆಂದಿಲ್ಲ.

ನಮ್ಮ ಸಂಘಗಳ ನಾಟಕಗಳಿಗೂ ಈ ಮಾತು ಸಲ್ಲುತ್ತದೆ. ವಾರ್ಷಿಕೋತ್ಸವದಲ್ಲಿ ನಾವೇ ಆಡಿ, ನಾವೇ ನೋಡಿ, ನಾವೇ ಶಾಲು ಹೊದಿಸಿಕೊಂಡು ಮನೆಗೆ ಮರಳುತ್ತೇವೆ. ಪಕ್ಕದ ಫ್ಲ್ಯಾಟಿನ ಮರಾಠಿ ಕುಟುಂಬಕ್ಕೆ ಅದರ ಸುಳಿವೂ ಇರುವುದಿಲ್ಲ. ಕಥಾಸಾರವನ್ನು ಒಂದು ಪುಟದಷ್ಟು ಮರಾಠಿಯಲ್ಲಿ ಅಚ್ಚು ಹಾಕಿಸಿ ಅವರನ್ನು ಕರೆದರೆ ತಪ್ಪೇನು? ಹಾಗೆ ಕರೆಯುವ ಹಕ್ಕು ಬರಬೇಕಾದರೆ ಮೊದಲು ಅವರ ನಾಟಕಕ್ಕೆ ನಾವು ಹೋಗಿರಬೇಕು.

ಕೆರೆಯ ದಂಡೆ ಎಲ್ಲರಿಗೂ ಬಿಟ್ಟಿಯಾಗಿ ದೊರೆಯುತ್ತದೆ. ರಂಗಮಂದಿರಕ್ಕೆ ಟಿಕೆಟ್ಟೂ ಬೇಕು, ಎರಡು ಮೂರು ಗಂಟೆಯ ವ್ಯವಧಾನವೂ ಬೇಕು. ದಂಡೆಯ ಮೇಲೆ ನಾವು ಸಂದರ್ಶಕರಷ್ಟೆ. ಒಳಗೆ ಹೋಗಿ, ಪಕ್ಕದ ಕುರ್ಚಿಯವರು ನಕ್ಕಾಗ ನಕ್ಕು ಬಂದರೆ ಆ ಊರಿನವರಾಗುತ್ತೇವೆ.