ಬಾಳೆ, ತೊಗರಿಯ ಹಾಳೆ ಪ್ಲಾಸ್ಟಿಕ್ಕಿಗೆ ಬದಲಿಯಾದೀತೇ?

ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲೆಲ್ಲ ತಡೆ ಬಿತ್ತು. ಹಾಗಾದರೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮೊಸರು, ಮಾಂಸ ಕಟ್ಟಿಕೊಡುವುದು ಯಾವುದರಲ್ಲಿ? ಬೆಳೆಯ ಉಳಿಕೆಯಿಂದ ಮಾಡಿದ, ಮಣ್ಣಲ್ಲಿ ಕರಗುವ ಹಾಳೆಯಲ್ಲೇ?

ಪರ: ಸರಕು ನಮ್ಮ ಹೊಲದಲ್ಲೇ ಇದೆ

ತರಕಾರಿಗೆ ಬಟ್ಟೆ ಚೀಲ ಸಾಕು, ಮೊಸರಿಗೆ ಸಾಲದು. ಅದಕ್ಕೆ ಸೋರದ ತೆಳು ಹಾಳೆಯೇ ಬೇಕು. ಪಿಷ್ಟದ ಹಾಳೆ ನೀರು ತಾಗಿದರೆ ಮೆತ್ತಗಾಗುತ್ತದೆ, ನಿಜ. ಅದಕ್ಕೇ ಸಂಶೋಧಕರು ಸಸ್ಯದ ನಾರಿನತ್ತ, ಅಂದರೆ ಸೆಲ್ಯುಲೋಸಿನತ್ತ ತಿರುಗಿದ್ದಾರೆ. ಅಮೆರಿಕದ ಸೌತ್ ಡಕೋಟಾ ಸ್ಟೇಟ್ ವಿಶ್ವವಿದ್ಯಾಲಯದ ಶ್ರೀನಿವಾಸ ಜನಸ್ವಾಮಿ ಮತ್ತು ಸಂಗಡಿಗರು ದ್ರಾಕ್ಷಿ ಬಳ್ಳಿಯ ಕಡ್ಡಿಯಿಂದ ಸೆಲ್ಯುಲೋಸ್ ತೆಗೆದು, ಸತುವಿನ ಕ್ಲೋರೈಡ್ ದ್ರಾವಣದಲ್ಲಿ ಕರಗಿಸಿ, ಕ್ಯಾಲ್ಸಿಯಂನಿಂದ ಅದರ ಎಳೆಗಳನ್ನು ಬೆಸೆದರು. ಸಿಕ್ಕ ಪಾರದರ್ಶಕ ಹಾಳೆ ಮಾಮೂಲಿ ಪ್ಲಾಸ್ಟಿಕ್ ಚೀಲಕ್ಕಿಂತ ಗಟ್ಟಿ. ಮಣ್ಣಲ್ಲಿ 17 ದಿನಗಳಲ್ಲಿ ಕರಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಳೆಯ ಕೂಳೆಯ ಸೆಲ್ಯುಲೋಸಿಗೆ ಹರಳೆಣ್ಣೆ ಸೇರಿಸಿ ಇಂಥದೇ ಹಾಳೆ ಮಾಡಿದ್ದಾರೆ.

ದ್ರಾಕ್ಷಿ ಕಡ್ಡಿಯಿಂದ ಆಗುವುದು ನಮ್ಮ ಬೆಳೆಯಿಂದ ಏಕಾಗಬಾರದು? ಕಮಲಾಪುರದ ಕೆಂಪು ಬಾಳೆಯ ಕಾಂಡ ಒಂದೇ ಗೊನೆ ಕೊಟ್ಟು ಮುಗಿಯುತ್ತದೆ. ತೊಗರಿ ರಾಶಿಯಾದ ಮೇಲೆ ಕಟ್ಟಿಗೆ ಉಳಿಯುತ್ತದೆ. ಇವಕ್ಕೆ ಬೆಲೆ ಬಂದರೆ ರೈತರ ಕೈಗೂ ನಾಲ್ಕು ಕಾಸು ಸೇರುತ್ತದೆ.

ವಿರೋಧ: ನಮ್ಮ ಮಣ್ಣಲ್ಲಿ ಕರಗೀತೇ?

ಆ 17 ದಿನದ ಲೆಕ್ಕ ಶೇ 24ರಷ್ಟು ತೇವವಿದ್ದ ಮಣ್ಣಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಒಣ ನೆಲದಲ್ಲಿ ಅಷ್ಟು ತೇವ ಎಲ್ಲಿದೆ? ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಿಎಲ್ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ ಚೆನ್ನಾಗಿ ಕೊಳೆಯಬೇಕಾದರೆ ಸುಮಾರು 58 ಡಿಗ್ರಿ ಬಿಸಿ, ತೇವ ಎರಡೂ ಇರುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಗಟಾರಕ್ಕೆ ಬಿದ್ದ ಚೀಲ ಸಸ್ಯದ್ದಾದರೂ ಗಟಾರ ಕಟ್ಟುತ್ತದೆ, ದನದ ಹೊಟ್ಟೆ ಸೇರುತ್ತದೆ. ಹಳೆ ಪ್ಲಾಸ್ಟಿಕ್ಕಿನೊಡನೆ ಬೆರೆತರೆ ಮರುಬಳಕೆಯ ಸರಕನ್ನೂ ಕೆಡಿಸುತ್ತದೆ.

ತೊಗರಿ ಕಟ್ಟಿಗೆ ಕಸವೂ ಅಲ್ಲ. ಅದು ಬಡವರ ಒಲೆಗೆ ಉರುವಲು, ಹೊಲಕ್ಕೆ ಬೇಲಿ. ತೋಟದಲ್ಲೇ ಕೊಳೆತ ಬಾಳೆ ಕಾಂಡ ಪೊಟ್ಯಾಷನ್ನು ಮಣ್ಣಿಗೆ ಮರಳಿಸುತ್ತದೆ. ಕಾಂಡದಲ್ಲಿ ಬಹುಪಾಲು ನೀರೇ ಇರುವುದರಿಂದ ಸಾಗಿಸುವ ಖರ್ಚೂ ಹೆಚ್ಚು. ನಾರು ಬಿಡಿಸಲು ಬಳಸುವ ಕ್ಷಾರದ ನೀರನ್ನು ಶುದ್ಧ ಮಾಡದೆ ಹೊರಗೆ ಬಿಟ್ಟರೆ ಒಂದು ಹೊಲಸು ಹೋಗಿ ಇನ್ನೊಂದು ಬಂದಂತೆ.

ಹಾಳೆ ಬೇಡವೆಂದಲ್ಲ. ಇಲ್ಲಿಯ ಬೇಸಿಗೆಯ ಮಣ್ಣಲ್ಲೇ ಹೂತು ಪರೀಕ್ಷಿಸಲಿ, ಹಸಿ ಕಸ ಬೇರೆ ಮಾಡುವ ವ್ಯವಸ್ಥೆ ಮೊದಲು ಗಟ್ಟಿಯಾಗಲಿ. ಅಲ್ಲಿಯವರೆಗೆ ಮೊಸರಿಗೆ ಮನೆಯ ಡಬ್ಬಿಯೇ ವಾಸಿ.