ಇರುಳಿನ ಸಾಕ್ಷಿ

ಹುಲಿಯನ್ನು ನೋಡಬೇಕೆಂದು ಕಾಡಿಗೆ ಹೋದವರಲ್ಲಿ ಬಹುಮಂದಿ ನೋಡಿ ಬರುವುದು ಹುಲಿಯ ಹೆಜ್ಜೆಯನ್ನು ಮಾತ್ರ. ಬುತ್ತಿ ಕಟ್ಟಿಸಿಕೊಂಡು, ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ, ನಾಗರಹೊಳೆಗೆ ಹೊರಟ ಸಂಸಾರಸ್ಥನಿಗೆ ಚುಕ್ಕೆಜಿಂಕೆಗಳ ಹಿಂಡು ಕಾಣುತ್ತದೆ. ಅದೃಷ್ಟ ಒದಗಿದರೆ ಆನೆಯೂ ಕಾಣುತ್ತದೆ. ಹುಲಿ ಮಾತ್ರ ಹಿಂದಿನ ರಾತ್ರಿಯೇ ಆ ದಾರಿಯಲ್ಲಿ ನಡೆದುಹೋಗಿರುತ್ತದೆ. ಕಾಡಿನ ಎಷ್ಟೋ ಜೀವಿಗಳಿಗೆ ಕತ್ತಲೆಯೇ ಹಗಲು. ಊರಿನಲ್ಲಿ ಊಟ ಮುಗಿದು ದೀಪವಾರುವ ಹೊತ್ತಿಗೆ ಅಲ್ಲಿ ಮುಳ್ಳುಹಂದಿ ಬಿಲದಿಂದ ಹೊರಬೀಳುತ್ತದೆ, ಪುನುಗಿನ ಬೆಕ್ಕು ಮರವಿಳಿಯುತ್ತದೆ, ಚಿಪ್ಪುಹಂದಿ ಗೆದ್ದಲ ಹುತ್ತವನ್ನರಸಿ ಹೊರಡುತ್ತದೆ. ಈ ಇರುಳಿನ ಸಂಸಾರವನ್ನು ಕಾಣಲು ಮನುಷ್ಯ ಹೂಡಿದ ಉಪಾಯಗಳ ಕಥೆ ಸ್ವಾರಸ್ಯವಾದದ್ದು. ಆ ಉಪಾಯಗಳೆಲ್ಲವೂ ಮೊದಲು ಬೇಟೆಗಾರನವೇ ಆಗಿದ್ದವೆಂಬುದು ಇನ್ನಷ್ಟು ಸ್ವಾರಸ್ಯವಾದದ್ದು.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಸುಪೀರಿಯರ್ ಮಹಾಸರೋವರದ ದಕ್ಷಿಣಕ್ಕಿರುವ ಕಾಡುಗಳಲ್ಲಿ, ಓಜಿಬ್ವೆ ಎಂಬ ಮೂಲನಿವಾಸಿಗಳಿಗೆ ಒಂದು ಬೇಟೆಯ ಕ್ರಮವಿದ್ದಿತು. ದೋಣಿಯ ಮುಂತುದಿಯಲ್ಲಿ ಬೆಂಕಿಯನ್ನಿರಿಸಿಕೊಂಡು ಸದ್ದಿಲ್ಲದೆ ದಡದ ಬಳಿಗೆ ಸಾಗುವುದು. ನೀರಿಗಿಳಿದ ಜಿಂಕೆ ಆ ಬೆಳಕನ್ನು ಕಂಡು ಬೆರಗಾಗಿ ಕದಲದೆ ನಿಲ್ಲುತ್ತದೆ; ಅದರ ಕಣ್ಣುಗಳು ಎರಡು ಕೆಂಡಗಳಂತೆ ಹೊಳೆಯುತ್ತವೆ. ಬೇಟೆಗಾರನಿಗೆ ಅಷ್ಟೇ ಸಾಕು. ಜಾರ್ಜ್ ಶೈರಸ್ ಎಂಬ ವಕೀಲನು ಈ ವಿದ್ಯೆಯನ್ನು ಬಾಲ್ಯದಲ್ಲಿಯೇ ಕಲಿತಿದ್ದನು. ಮುಂದೆ ಅವನಿಗೆ ಕೊಲ್ಲುವ ಬಯಕೆ ಹೋಯಿತು. ದೋಣಿಯೂ ದೀಪವೂ ಉಳಿದವು. ಕೋವಿಯಿದ್ದ ಸ್ಥಳದಲ್ಲಿ ಕ್ಯಾಮೆರಾವನ್ನಿರಿಸಿ, ಮೆಗ್ನೀಸಿಯಮ್ ಪುಡಿಯನ್ನು ಹೊತ್ತಿಸಿ, ಕ್ಷಣಮಾತ್ರದ ಮಿಂಚಿನಲ್ಲಿ ಅವನು ಜಿಂಕೆಯ ಚಿತ್ರವನ್ನು ತೆಗೆದನು.

ಅಷ್ಟಕ್ಕೂ ಅವನು ತೃಪ್ತನಾಗಲಿಲ್ಲ. ಮನುಷ್ಯನ ವಾಸನೆಯೇ ಸುಳಿಯದ ಕಡೆ ಪ್ರಾಣಿ ಹೇಗಿರುತ್ತದೆಂದು ತಿಳಿಯುವ ಕುತೂಹಲ ಅವನದು. ಪ್ರಾಣಿಗಳ ಹಾದಿಗೆ ಅಡ್ಡಲಾಗಿ ಸಣ್ಣ ದಾರವೊಂದನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ಕ್ಯಾಮೆರಾಕ್ಕೂ ಮಿಂಚಿನ ಪುಡಿಗೂ ಜೋಡಿಸಿ ಅವನು ಮನೆಗೆ ಹೋಗಿಬಿಡುತ್ತಿದ್ದನು. ದಾರವನ್ನೆಳೆದ ಪ್ರಾಣಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿದ್ದಿತು. 1906ರ ಜುಲೈ ತಿಂಗಳಿನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಅವನ 74 ಛಾಯಾಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚು ಮಾಡಿತು. ಗಂಭೀರವಾದ ಪತ್ರಿಕೆಯೊಂದು ಮಕ್ಕಳ ಚಿತ್ರಪುಸ್ತಕವಾಗುತ್ತಿದೆಯೆಂದು ಮುನಿದು ಆಡಳಿತ ಮಂಡಲಿಯ ಇಬ್ಬರು ಸದಸ್ಯರು ರಾಜೀನಾಮೆಯನ್ನಿತ್ತರು. ಓದುಗರು ಮಾತ್ರ ಆ ಚಿತ್ರಗಳಿಗೆ ಮಾರುಹೋದರು.

ಭಾರತದಲ್ಲಿ ಈ ಕೆಲಸಕ್ಕೆ ಕೈಹಾಕಿದವನು ಎಫ್. ಡಬ್ಲ್ಯು. ಚಾಂಪಿಯನ್. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಅವನು ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ವರ್ಷಾನುಗಟ್ಟಲೆ ತಂತಿಗಳನ್ನು ಹೂಡಿ ಕಾದನು. ಅಧಿಕಾರದಲ್ಲಿರುವವನ ಗೋಡೆಯ ಮೇಲೆ ಹುಲಿಯ ಚರ್ಮವಿರುವುದೇ ಭೂಷಣವೆಂದು ಬಗೆದಿದ್ದ ಕಾಲ ಅದು. ಅಂಥ ಕಾಲದಲ್ಲಿ, ಇರುಳ ಹಾದಿಯಲ್ಲಿ ನಿಶ್ಚಿಂತೆಯಿಂದ ನಡೆದುಬರುತ್ತಿರುವ ಜೀವಂತ ಹುಲಿಯ ಚಿತ್ರಗಳು 1925ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಪ್ರಕಟವಾದವು. 1927ರಲ್ಲಿ ಅವನ ಪುಸ್ತಕ ಹೊರಬಂದಿತು. ನರಭಕ್ಷಕಗಳ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್ಟನು ಕ್ಯಾಮೆರಾದತ್ತ ಒಲಿದದ್ದು ಚಾಂಪಿಯನ್ನನ ಚಿತ್ರಗಳನ್ನು ಕಂಡ ಮೇಲೆ. ಒಂದು ಹುಲಿಯ ಪಟ್ಟೆಗಳಂತೆ ಇನ್ನೊಂದರ ಪಟ್ಟೆಗಳಿರುವುದಿಲ್ಲ ಎಂಬುದನ್ನೂ ಚಾಂಪಿಯನ್ನನು ಗಮನಿಸಿದ್ದನು. ಆ ಸಣ್ಣ ಮಾತಿನ ದೊಡ್ಡ ಬೆಲೆ ತಿಳಿಯಲು ಇನ್ನೂ ಅರವತ್ತು ಎಪ್ಪತ್ತು ವರ್ಷ ಕಾಯಬೇಕಾಯಿತು.

ಈಗಿನ ಉಪಕರಣದಲ್ಲಿ ದಾರವಿಲ್ಲ, ಪುಡಿಯ ಸಿಡಿತವೂ ಇಲ್ಲ. ಇದಕ್ಕೆ ಕ್ಯಾಮೆರಾ ಟ್ರ್ಯಾಪ್ ಎಂದು ಹೆಸರು. ಟ್ರ್ಯಾಪ್ ಎಂದರೆ ಬೋನು, ಉರುಳು. ಆದರೆ ಇಲ್ಲಿ ಸಿಕ್ಕಿದ ಪ್ರಾಣಿ ತಾನು ಸಿಕ್ಕಿದೆನೆಂದು ಅರಿಯದೆಯೇ ಮುಂದೆ ಹೋಗುತ್ತದೆ. ಮರದ ಬುಡಕ್ಕೆ, ಮನುಷ್ಯನ ಮೊಣಕಾಲಿನೆತ್ತರದಲ್ಲಿ ಬಿಗಿದ ಸಣ್ಣ ಪೆಟ್ಟಿಗೆ. ಅದರೊಳಗೆ ಶಾಖದ ಬದಲಾವಣೆಯನ್ನು ಗ್ರಹಿಸುವ ಒಂದು ಭಾಗ. ಬೆಚ್ಚನೆಯ ಮೈಯೊಂದು ಎದುರಿಗೆ ಹಾದೊಡನೆ ಚಿತ್ರ ತಾನಾಗಿ ಮೂಡುತ್ತದೆ. ಜೊತೆಗೆ ದಿನಾಂಕವೂ ಹೊತ್ತೂ ದಾಖಲಾಗುತ್ತವೆ. ಹುಲಿಯ ಎಡಮೈಯ ಪಟ್ಟೆಗಳೇ ಬೇರೆ, ಬಲಮೈಯ ಪಟ್ಟೆಗಳೇ ಬೇರೆಯಾದ್ದರಿಂದ ದಾರಿಯ ಎರಡು ಬದಿಗಳಲ್ಲಿಯೂ ಒಂದೊಂದು ಪೆಟ್ಟಿಗೆಯನ್ನು ಕಟ್ಟುತ್ತಾರೆ. ಕೆಲಸವೇನೋ ಯಂತ್ರದ್ದು, ಆದರೆ ಯಾವ ಕವಲಿನಲ್ಲಿ, ಯಾವ ಹಳ್ಳದ ದಂಡೆಯಲ್ಲಿ ಕಟ್ಟಬೇಕೆಂಬುದನ್ನು ಹೆಜ್ಜೆ, ಕೆರೆತ, ಹಿಕ್ಕೆಗಳ ಗುರುತು ಹಿಡಿದು ಹೇಳಬಲ್ಲವರು ಕಾಡಿನಲ್ಲಿಯೇ ಹುಟ್ಟಿ ಬೆಳೆದ ಜನ. ಕುತೂಹಲಿಯಾದ ಆನೆ ಪೆಟ್ಟಿಗೆಯನ್ನು ಕಿತ್ತು ತುಳಿಯುವುದುಂಟು. ಕಳ್ಳಬೇಟೆಗಾರ ಅದನ್ನು ಹೊತ್ತೊಯ್ಯುವುದೂ ಉಂಟು.

ಇಷ್ಟೆಲ್ಲ ಶ್ರಮ ಬರಿಯ ಚಿತ್ರದ ಚೆಲುವಿಗಾಗಿ ಅಲ್ಲ. ಕಾಡಿನಲ್ಲಿ ಹುಲಿಗಳು ಎಷ್ಟಿವೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಬೇಕಾಗಿದ್ದಿತು. ದಶಕಗಳ ಕಾಲ ನಮ್ಮ ದೇಶದಲ್ಲಿ ಹುಲಿಗಳನ್ನು ಎಣಿಸುತ್ತಿದ್ದುದು ಹೆಜ್ಜೆಗುರುತುಗಳಿಂದ. ಅರಣ್ಯ ರಕ್ಷಕರು ಗುರುತುಗಳನ್ನು ಗಾಜಿನ ಮೇಲಿಟ್ಟು ಬರೆದುಕೊಂಡು, ಅಚ್ಚು ತೆಗೆದು ತರುತ್ತಿದ್ದರು. ಹೆಜ್ಜೆಗೆ ಹೆಜ್ಜೆ ಹೋಲಿಸಿ ಹುಲಿಗಳ ಲೆಕ್ಕವಾಗುತ್ತಿದ್ದಿತು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ. ನಡೆದಾಗ ಒಂದು ತೆರ, ಓಡಿದಾಗ ಮತ್ತೊಂದು ತೆರ. ಹೀಗೆ ಎಣಿಸಿದ ಲೆಕ್ಕ ಎಷ್ಟು ತಪ್ಪಬಹುದೆಂಬುದನ್ನು ರಾಜಸ್ಥಾನದ ಸಾರಿಸ್ಕಾ ತೋರಿಸಿಕೊಟ್ಟಿತು. ಅಲ್ಲಿ ಕಡತಗಳಲ್ಲಿ ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದಾದರೂ ಇರಲಿಲ್ಲ. ಕಳ್ಳಬೇಟೆಗಾರರು ಅವುಗಳನ್ನು ಮುಗಿಸಿದ್ದರು. ಲೆಕ್ಕದ ಪುಸ್ತಕದಲ್ಲಿ ಬದುಕಿರುವ ಹುಲಿಯನ್ನು ಕಾಪಾಡಲು ಯಾರೂ ಓಡಿಬರುವುದಿಲ್ಲ.

ಬೇರೆಯೊಂದು ದಾರಿಯಿದೆಯೆಂದು ಬಹು ಮೊದಲೇ ತೋರಿಸಿದವರು ಕನ್ನಡಿಗರಾದ ಉಲ್ಲಾಸ ಕಾರಂತರು. ಕೋಟ ಶಿವರಾಮ ಕಾರಂತರ ಪುತ್ರರಾದ ಇವರು ಓದಿದ್ದು ಎಂಜಿನಿಯರಿಂಗ್, ಒಲಿದದ್ದು ಕಾಡಿಗೆ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯ ಹಾದಿಗಳಲ್ಲಿ ಕ್ಯಾಮೆರಾಗಳನ್ನು ಕಟ್ಟಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, 1995ರಲ್ಲಿ ತಮ್ಮ ಲೆಕ್ಕದ ಕ್ರಮವನ್ನು ಪ್ರಕಟಿಸಿದರು. ಜೇಮ್ಸ್ ನಿಕಲ್ಸ್ ಎಂಬ ಅಮೆರಿಕದ ವಿಜ್ಞಾನಿಯೊಡಗೂಡಿ 1998ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು.

ಈ ಲೆಕ್ಕದ ಮರ್ಮ ಗೃಹಿಣಿಯರಿಗೆ ಅಡಿಗೆಮನೆಯಲ್ಲಿಯೇ ತಿಳಿದೀತು. ಡಬ್ಬಿಯಲ್ಲಿ ಅವರೆಕಾಳು ಎಷ್ಟಿವೆಯೆಂದು ಎಲ್ಲವನ್ನೂ ಎಣಿಸದೆ ಹೇಳಬೇಕು. 50 ಕಾಳುಗಳನ್ನು ತೆಗೆದು ಕುಂಕುಮ ಹಚ್ಚಿ, ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ, ಕಣ್ಣು ಮುಚ್ಚಿ ಪುನಃ 50 ಕಾಳುಗಳನ್ನು ತೆಗೆದಾಗ ಅವುಗಳಲ್ಲಿ ಕುಂಕುಮದವು 10 ಬಂದವೆನ್ನಿ. ಐದಕ್ಕೊಂದು ಕಾಳು ಗುರುತಿನದು. ಗುರುತಿನ ಕಾಳುಗಳು ಒಟ್ಟು 50. ಆದ್ದರಿಂದ ಡಬ್ಬಿಯಲ್ಲಿರುವುದು ಸುಮಾರು 250 ಕಾಳು. ಹುಲಿಗೆ ಕುಂಕುಮ ಹಚ್ಚುವವರಾರು? ಹಚ್ಚಬೇಕಾದ ಅಗತ್ಯವೇ ಇಲ್ಲ. ಸೃಷ್ಟಿಯೇ ಪ್ರತಿಯೊಂದರ ಮೈಮೇಲೂ ಅದರದರ ಗುರುತನ್ನು ಬರೆದಿದೆ. ಕಂಡ ಹುಲಿಗಳು ಮತ್ತೆ ಎಷ್ಟು ಸಲ ಕಾಣುತ್ತವೆಂಬುದರಿಂದ, ಒಂದು ಸಲವೂ ಕಾಣದೆ ಉಳಿದವು ಎಷ್ಟಿರಬಹುದೆಂದು ಊಹಿಸುತ್ತಾರೆ. ಗಣಿತ ಇದಕ್ಕಿಂತ ಬಹಳ ಸೂಕ್ಷ್ಮವಾದದ್ದು, ತಿರುಳು ಇಷ್ಟೇ.

ಸಾರಿಸ್ಕಾದ ಪೆಟ್ಟು ಬಿದ್ದ ಮೇಲೆ ಇಡೀ ದೇಶದ ಎಣಿಕೆಯ ಕ್ರಮವೇ ಬದಲಾಯಿತು. ಹಳೆಯ ಕ್ರಮದಲ್ಲಿ ಕಡೆಯದಾಗಿ ಹೇಳಿದ ಸಂಖ್ಯೆ 3,642. ಕ್ಯಾಮೆರಾಗಳ ನೆರವಿನಿಂದ 2006ರಲ್ಲಿ ನಡೆದ ಮೊದಲನೆಯ ಅಂದಾಜು 1,411. ಎರಡು ಕ್ರಮಗಳೂ ಬೇರೆಯಾದ್ದರಿಂದ ಒಂದನ್ನು ಇನ್ನೊಂದರಿಂದ ಕಳೆಯುವುದು ಸರಿಯಲ್ಲ; ಆದರೂ ಆ ಸಣ್ಣ ಸಂಖ್ಯೆ ದೇಶವನ್ನು ಎಚ್ಚರಿಸಿತು. ಅದೇ ಕ್ಯಾಮೆರಾಗಳ ಸಾಕ್ಷ್ಯದಿಂದಲೇ 2022ರ ಅಂದಾಜು ಸರಾಸರಿ 3,682ಕ್ಕೆ ಏರಿತೆಂಬುದು ಸಂತೋಷದ ವಿಷಯ. 2018ರ ಎಣಿಕೆಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಕಟ್ಟಿದ್ದರು. ದೊರೆತ ಚಿತ್ರಗಳು 3,48,58,623, ಹುಲಿಯವು 76,651. ಎಂದರೆ ಸುಮಾರು 455 ಚಿತ್ರಗಳಲ್ಲಿ ಹುಲಿಯದು ಒಂದು. ಉಳಿದವುಗಳಲ್ಲಿ ಜಿಂಕೆ, ಕಾಡುಹಂದಿ, ದನಕರು, ಅಲುಗಾಡಿದ ಹುಲ್ಲು ಎಲ್ಲವೂ ಸೇರಿರುತ್ತವೆ. ಈ ಚಿತ್ರಗಳಿಂದ ಮತ್ತೊಂದು ಉಪಯೋಗವೂ ಆಗಿದೆ. ಹಿಡಿದು ತಂದ ಚರ್ಮದ ಪಟ್ಟೆಗಳನ್ನು ಹಳೆಯ ಚಿತ್ರದೊಡನೆ ಹೋಲಿಸಿ, ಆ ಹುಲಿ ಯಾವ ಕಾಡಿನದೆಂದು ಹೇಳಲು ಸಾಧ್ಯವಾಗಿದೆ. ಸತ್ತ ಮೇಲೂ ಹುಲಿಯ ಪರವಾಗಿ ನಿಲ್ಲುವ ಸಾಕ್ಷಿ ಇದು.

ಆದರೆ ಇರುಳಿಗೆಂದು ಕಟ್ಟಿದ ಕಣ್ಣು ಹಗಲಿನಲ್ಲಿಯೂ ತೆರೆದೇ ಇರುತ್ತದೆ. ಹುಲ್ಲಿಗೂ ಸೌದೆಗೂ ಕಾಡಂಚಿಗೆ ಬರುವ ಬಡವರ ಮೈಯೂ ಬೆಚ್ಚಗೇ ಇರುತ್ತದೆ. ಕಾರ್ಬೆಟ್ ಹುಲಿಧಾಮದ ಸುತ್ತಲ ಹಳ್ಳಿಗಳನ್ನು ಕುರಿತು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಪರಿಣಾಮವನ್ನು ತಿಳಿಸಿದೆ. ಅಲ್ಲಿಯ ಹೆಂಗಸರು ಕಾಡಿನಲ್ಲಿ ಗಟ್ಟಿಯಾಗಿ ಮಾತನಾಡುತ್ತ, ಹಾಡು ಹೇಳುತ್ತ ನಡೆಯುತ್ತಿದ್ದರು. ಅದು ಮನಸ್ಸಿನ ಭಾರವನ್ನಿಳಿಸುವ ಬಗೆಯೂ ಹೌದು, ದೂರದಿಂದಲೇ ಮೃಗಗಳನ್ನು ಸರಿಸುವ ಉಪಾಯವೂ ಹೌದು. ಕ್ಯಾಮೆರಾಗಳು ಬಂದ ಮೇಲೆ, ಯಾರೋ ನೋಡುತ್ತಿದ್ದಾರೆಂಬ ಅಂಜಿಕೆಯಿಂದ ಆ ಹಾಡು ಅಡಗಿತು. ಮೌನವಾಗಿ ನಡೆಯುವವಳಿಗೆ ಹುಲಿ ಎದುರಾಗುವ ಅಪಾಯ ಹೆಚ್ಚು. ಹುಲಿಯನ್ನು ಕಾಯಲು ಕಟ್ಟಿದ ಪೆಟ್ಟಿಗೆಯೇ ಅವಳನ್ನು ಹುಲಿಯ ಬಾಯಿಗೆ ಹತ್ತಿರ ಮಾಡಿದರೆ ಅದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ.

ಶೈರಸನು ದಾರ ಕಟ್ಟಿ ಮನೆಗೆ ಹೋಗುತ್ತಿದ್ದುದು, ತಾನಿಲ್ಲದಾಗ ಕಾಡು ಹೇಗಿರುತ್ತದೆಂದು ತಿಳಿಯಲು. ನೋಡುವವನು ಅಲ್ಲಿಲ್ಲ ಎಂಬುದೇ ಆ ಚಿತ್ರಗಳ ಸೊಗಸು. ನೋಡಿದ್ದನ್ನು ಹೇಗೆ ಬಳಸಿದನೆಂಬುದಕ್ಕೆ ಮಾತ್ರ ಅವನು ಉತ್ತರ ಕೊಡಲೇಬೇಕು. ಪ್ರಾಣಿಯ ಚಿತ್ರ ಲೆಕ್ಕಕ್ಕೆ ಸೇರಲಿ. ದಾರಿಯಲ್ಲಿ ಹಾದ ಹೆಣ್ಣುಮಗಳ ಚಿತ್ರ ಯಾರ ಕೈಗೂ ಸೇರದೆ ಅಳಿಯಲಿ. ಹುಲಿ ಇರುಳಿನಲ್ಲಿ ನಿಶ್ಚಿಂತೆಯಾಗಿ ನಡೆಯುವ ಕಾಡಿನಂಚಿನಲ್ಲಿ ಹಗಲು ಹಾಡು ಕೇಳಿಸುತ್ತಿದ್ದರೆ, ಮರಕ್ಕೆ ಬಿಗಿದ ಆ ಕಣ್ಣು ಇಬ್ಬರಿಗೂ ನಿಷ್ಠವಾದ ಸಾಕ್ಷಿಯೆನಿಸೀತು.