ಏಡಿಸಾರು ಮತ್ತು ನಮ್ಮ ಪಾಕಶಾಸ್ತ್ರಾಧ್ಯಯನ

ಕನ್ನಡ ಪಾಕಶಾಸ್ತ್ರದ ಚರ್ಚೆ ಬಂದಾಗಲೆಲ್ಲ ನಾವು ಮೂರನೆಯ ಮಂಗರಸನ ‘ಸೂಪಶಾಸ್ತ್ರ’ಕ್ಕೆ ಮರಳುತ್ತೇವೆ. ಜೈನಕವಿಯ ಆ ಕೃತಿ ಸಹಜವಾಗಿಯೇ ಸಸ್ಯಾಹಾರಕ್ಕೆ ಸೀಮಿತ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ವಾದರೋ ಇಲಿ, ಆಮೆಗಳ ಅಡುಗೆಯನ್ನೂ ಸಂಕೋಚವಿಲ್ಲದೆ ವಿವರಿಸುತ್ತದೆ. ಅರಸನಿಗಿಲ್ಲದ ಮುಜುಗರ ಕನ್ನಡ ವಿಭಾಗಗಳಿಗೇಕೆ?

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಬಯಲು, ಕೆ.ಆರ್.ಪೇಟೆಯ ಹೇಮಾವತಿ ದಂಡೆ, ನಾಗಮಂಗಲದ ಕೆರೆಯಂಗಳಗಳ ಏಡಿಸಾರು ಒಂದು ಮೌಖಿಕ ಶಾಸ್ತ್ರವೇ ಸರಿ. ಜೀವಂತ ಹಿಡಿದುದನ್ನಷ್ಟೇ ಒಲೆಗೇರಿಸಬೇಕು. ಸತ್ತು ಬಿದ್ದುದನ್ನು ಮುಟ್ಟಬಾರದು. ಬೆನ್ನಚಿಪ್ಪು, ಕಿವಿರು ತೆಗೆದು, ಕಾಲುಗಳನ್ನು ಜಜ್ಜಿ ಸೋಸಿದ ರಸವನ್ನು ಮಸಾಲೆಯೊಡನೆ ಚೆನ್ನಾಗಿ ಕುದಿಸಬೇಕು. ಇದು ಕೇವಲ ರುಚಿಯ ಮಾತಲ್ಲ. ಸಿಹಿನೀರಿನ ಏಡಿಯಲ್ಲಿ ಮನುಷ್ಯನ ಶ್ವಾಸಕೋಶ ಸೇರುವ ಹುಳುವಿನ ಮರಿಗಳಿರಬಹುದು. ಕುದಿತದಿಂದ ಅವು ಸಾಯುತ್ತವೆ. ಕೀಟನಾಶಕ ಹಾಗೆ ಹೋಗುವುದಿಲ್ಲ. ಆದ್ದರಿಂದ ಔಷಧಿ ಹೊಡೆದ ಗದ್ದೆಯ ಏಡಿಯನ್ನು ಬಿಡುವುದೇ ಲೇಸು.

ಆದರೆ ಅನುಮಾನವನ್ನೇ ನಿರ್ಣಯವಾಗಿಸಬಾರದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕೂಲಿಕಾರರ ಕೀಲುಗಳು ಕುಂಠಿತವಾದಾಗ, ಮೊದಲ ಸಂಶಯ ಅವರು ತಿಂದ ಗದ್ದೆಯ ಏಡಿಯ ಮೇಲೆ ಬಿತ್ತು. ಮುಂದಿನ ಅಧ್ಯಯನಗಳು ಅದನ್ನು ಆನುವಂಶಿಕ ಕಾಯಿಲೆಯೆಂದು ಗುರುತಿಸಿದವು. ತಿನ್ನುವವರ ಮಾತನ್ನು ಮೊದಲೇ ದಾಖಲಿಸಿಕೊಂಡಿದ್ದರೆ ಅವರ ಊಟದ ಬಗೆಗಿನ ಚರ್ಚೆಗೆ ಅವರದೇ ಸಾಕ್ಷ್ಯವಿರುತ್ತಿತ್ತು.

ಈ ಕ್ಷೇತ್ರಕಾರ್ಯಕ್ಕೆ ನಮ್ಮ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳಲ್ಲಿ ಕಾಣದ ಒಂದು ಎಚ್ಚರವೂ ಅಗತ್ಯ. ಮೊಲ, ಉಡಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ನಿಷಿದ್ಧ. ಹಳೆಯ ಬೇಟೆಯ ನೆನಪು ಹೇಳಿದ ವಕ್ತೃಗಳ ಹೆಸರು, ಊರುಗಳನ್ನು ಅನುಬಂಧದಲ್ಲಿ ಅಚ್ಚುಹಾಕಲಾಗದು.